ಕದಲುತ್ತದೆಯೇ ಎಂದು ಮೊದಲು ಕೇಳು

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಮೊಬೈಲಿನಲ್ಲಿ ಕಳುಹಿಸಿದ ಲೆಕ್ಕಗಳನ್ನು ನೋಡಿದೆ. ಕೂಡುವುದು ಕಳೆಯುವುದರಲ್ಲಿ ಎಲ್ಲಿಯೂ ಕೈತಪ್ಪಿಲ್ಲ, ಆದರೂ ಎರಡನೆಯ ಉತ್ತರ ತಪ್ಪು. ಮೇಜಿನ ಮೇಲೆ 4 ಕೆ.ಜಿ.ಯ ದಿಮ್ಮಿ, ಅದಕ್ಕೆ ಕಟ್ಟಿದ ಹಗ್ಗ ಅಂಚಿನ ರಾಟೆಯನ್ನು ಹಾದು ಇಳಿದು 1.5 ಕೆ.ಜಿ.ಯ ಗುಂಡನ್ನು ಹೊತ್ತಿದೆ. ಸ್ಥಿತ ಘರ್ಷಣಾಂಕ (ನಿಂತ ದಿಮ್ಮಿಯ ಮೇಲಿನ ಘರ್ಷಣೆ ಮೇಜಿನ ಒತ್ತುಬಲದ ಎಷ್ಟು ಪಾಲಿನವರೆಗೆ ಏರಬಲ್ಲದು ಎಂಬುದು) 0.4, ಚಲನ ಘರ್ಷಣಾಂಕ (ಜಾರುವಾಗಿನ ಘರ್ಷಣೆ ಎಷ್ಟು ಪಾಲು ಎಂಬುದು) 0.3. ಗುರುತ್ವ ವೇಗೋತ್ಕರ್ಷ 10 ಮೀ/ಸೆ² ಎಂದಿಟ್ಟುಕೊಂಡರೆ ಗುಂಡಿನ ತೂಕ 15 ನ್ಯೂಟನ್, ದಿಮ್ಮಿಯದು 40; ಗುಂಡಿನ 15ರಲ್ಲಿ ಘರ್ಷಣೆಯ 12 ಕಳೆದು, 5.5ರಿಂದ ಭಾಗಿಸಿ, ವೇಗೋತ್ಕರ್ಷ 0.55 ಎಂದು ಬರೆದಿದ್ದೀಯೆ. ಆದರೆ ಆ ದಿಮ್ಮಿ ಕದಲುವುದೇ ಇಲ್ಲವಲ್ಲ! ನಿಂತ ದಿಮ್ಮಿಯನ್ನು ಮೇಜು 16 ನ್ಯೂಟನ್‌ವರೆಗೆ ತಡೆದು ನಿಲ್ಲಿಸಬಲ್ಲದು. ಗುಂಡು ಎಳೆಯುತ್ತಿರುವುದು 15. ಹಗ್ಗದ ಎಳೆತ 15, ಘರ್ಷಣೆಯೂ 15, ವೇಗೋತ್ಕರ್ಷ ಸೊನ್ನೆ.

ಘರ್ಷಣೆ 15 ಎಂದೆ, 16 ಎನ್ನಲಿಲ್ಲ, ಗಮನಿಸು. ನಿಂತ ವಸ್ತುವಿನ ಮೇಲಿನ ಘರ್ಷಣೆಗೆ ತನ್ನದೇ ಆದ ಬೆಲೆ ಇಲ್ಲ. ಎಷ್ಟು ಬೇಕೋ ಅಷ್ಟೇ ಹುಟ್ಟುತ್ತದೆ. ಘರ್ಷಣಾಂಕದಿಂದ ಸಿಗುವುದು ಅದರ ಮಿತಿ ಮಾತ್ರ. ಗುಂಡನ್ನು 2 ಕೆ.ಜಿ. ಮಾಡಿದರೆ 20 ನ್ಯೂಟನ್ ಆ ಮಿತಿಯನ್ನು ದಾಟುತ್ತದೆ, ಆಗ ನಿನ್ನ ಸೂತ್ರಕ್ಕೆ ಕೆಲಸ: ವೇಗೋತ್ಕರ್ಷ 8/6, ಅಂದರೆ ಸುಮಾರು 1.33, ಎಳೆತ 17.3 ನ್ಯೂಟನ್. ಎಳೆತ 20ಕ್ಕಿಂತ ಕಡಿಮೆ ಬಂದಿದೆಯೇ ನೋಡಿಕೋ. ಇಳಿಯುವ ಗುಂಡನ್ನು ಹಗ್ಗ ಅದರ ತೂಕದಷ್ಟೇ ಬಲದಿಂದ ಹಿಡಿದಿದ್ದರೆ ಅದು ವೇಗ ಹೆಚ್ಚಿಸಿಕೊಳ್ಳುವುದಾದರೂ ಹೇಗೆ?

ಇಳಿಜಾರಿನಲ್ಲಿ ಇದು ಇನ್ನೂ ಸೊಗಸು. 37 ಡಿಗ್ರಿ ಇಳಿಜಾರು (ಸೈನ್ 0.6, ಕೊಸೈನ್ 0.8 ಎಂದಿಟ್ಟುಕೋ), ಅದರ ಮೇಲೆ 5 ಕೆ.ಜಿ.ಯ ದಿಮ್ಮಿ, ಸ್ಥಿತ ಘರ್ಷಣಾಂಕ 0.5. ದಿಮ್ಮಿಯನ್ನು ಕೆಳಕ್ಕೆ ಜಾರಿಸಲು ನೋಡುವ ಬಲ 30 ನ್ಯೂಟನ್, ಘರ್ಷಣೆಯ ಮಿತಿ 20. ದಿಮ್ಮಿಗೆ ಕಟ್ಟಿದ ಹಗ್ಗವನ್ನು ಮೇಲ್ತುದಿಯ ರಾಟೆಯ ಮೇಲೆ ಹಾಯಿಸಿ 1 ಕೆ.ಜಿ. ತೂಗುಬಿಟ್ಟರೂ ದಿಮ್ಮಿ ನಿಲ್ಲುತ್ತದೆ, 5 ಕೆ.ಜಿ. ತೂಗುಬಿಟ್ಟರೂ ನಿಲ್ಲುತ್ತದೆ. 2 ಕೆ.ಜಿ.ಗೆ ಘರ್ಷಣೆ 10 ನ್ಯೂಟನ್, ಮೇಲ್ಮುಖ, 4 ಕೆ.ಜಿ.ಗೆ ಅದೇ 10, ಕೆಳಮುಖ. ನಡುವಿನ 3 ಕೆ.ಜಿ.ಗೆ ಘರ್ಷಣೆಯೇ ಇಲ್ಲ, ಮೇಲ್ಮೈ ಎಷ್ಟು ಒರಟಾಗಿದ್ದರೂ ಸರಿಯೆ. ‘ಇಳಿಜಾರಿನಲ್ಲಿ ಘರ್ಷಣೆ ಯಾವಾಗಲೂ ಮೇಲ್ಮುಖ’ ಎಂದು ಟ್ಯೂಷನ್ನಿನಲ್ಲಿ ಉರು ಹೊಡೆಸುತ್ತಾರೆಂದು ನಿನ್ನ ಅಮ್ಮ ಹೇಳಿದಳು. ಅದನ್ನು ಇವತ್ತೇ ಮರೆತುಬಿಡು.

ಪ್ರತಿ ವಸ್ತುವಿಗೂ ಬೇರೆ ಬೇರೆ ಚಿತ್ರ ಬರೆಯುವ ಅಭ್ಯಾಸ ನಿನಗಿದೆ, ಸಂತೋಷ. ಇನ್ನೊಂದು ಎಚ್ಚರ ಬೇಕು. ಎರಡೂ ವಸ್ತುಗಳ ವೇಗೋತ್ಕರ್ಷ ಒಂದೇ ಎನ್ನುವುದು ಹಗ್ಗ ಹಿಗ್ಗುವುದಿಲ್ಲವೆಂಬ ಕಾರಣಕ್ಕೆ. ರಾಟೆಯ ಎರಡೂ ಕಡೆ ಎಳೆತ ಒಂದೇ ಎನ್ನುವುದು ಹಗ್ಗಕ್ಕೂ ರಾಟೆಗೂ ದ್ರವ್ಯರಾಶಿ ಇಲ್ಲ, ರಾಟೆಯ ಅಚ್ಚಿನಲ್ಲಿ ಘರ್ಷಣೆ ಇಲ್ಲ ಎಂದು ಒಪ್ಪಿಕೊಂಡ ಕಾರಣಕ್ಕೆ. ಭ್ರಮಣ ಚಲನೆಯ (ಅಚ್ಚಿನ ಸುತ್ತ ತಿರುಗುವ ಚಲನೆಯ) ಅಧ್ಯಾಯದಲ್ಲಿ ರಾಟೆಗೆ ದ್ರವ್ಯರಾಶಿ ಬಂದಾಗ ಎರಡನೆಯದು ಬಿದ್ದುಹೋಗುತ್ತದೆ, ಹಗ್ಗ ರಾಟೆಯ ಮೇಲೆ ಜಾರದಿದ್ದರೆ ಮೊದಲನೆಯದು ಹಾಗೆಯೇ ಉಳಿಯುತ್ತದೆ. ನಿಮ್ಮ ಪುಸ್ತಕ ‘ಘರ್ಷಣೆಯಿಲ್ಲದ ರಾಟೆ’ ಎಂದು ಎರಡೇ ಪದಗಳಲ್ಲಿ ತೇಲಿಸಿಬಿಡುವುದಕ್ಕೆ ಕೇಂಬ್ರಿಜ್‌ನ ಗಣಿತಜ್ಞ ಜಾರ್ಜ್ ಅಟ್ವುಡ್ ಎಷ್ಟು ಪಾಡುಪಟ್ಟಿದ್ದ ನೋಡು! 1784ರಲ್ಲಿ ಅವನು ವಿವರಿಸಿದ ಯಂತ್ರದಲ್ಲಿ ಘರ್ಷಣೆ ತಗ್ಗಲೆಂದು ರಾಟೆಯ ಅಚ್ಚು ಕೂರುವುದೇ ಬೇರೆ ಸಣ್ಣ ಚಕ್ರಗಳ ಮೇಲೆ. ಒಂದು ಕಡೆ 51 ಗ್ರಾಂ, ಇನ್ನೊಂದು ಕಡೆ 49 ಗ್ರಾಂ ತೂಗುಬಿಟ್ಟರೆ ವೇಗೋತ್ಕರ್ಷ ಬರೀ 0.2. ಗಡಿಯಾರ ಹಿಡಿದು ಅಳೆಯುವಷ್ಟು ನಿಧಾನ.

ಅದೇ ಇಳಿಜಾರಿನಲ್ಲಿ ಈಗ 6 ಕೆ.ಜಿ. ತೂಗುಬಿಡು, ಚಲನ ಘರ್ಷಣಾಂಕ 0.4 ಇರಲಿ. ಹಗ್ಗದ ಎಳೆತವೆಷ್ಟು? ಆಮೇಲೆ ಹಗ್ಗವನ್ನೇ ಕತ್ತರಿಸಿದರೆ ದಿಮ್ಮಿ ಏನು ಮಾಡುತ್ತದೆ? ಅದು ಇನ್ನೂ ಮೇಲೇರುತ್ತಿರುವಾಗ ಒಂದು ಚಿತ್ರ, ನಿಂತ ಮರುಕ್ಷಣಕ್ಕೆ ಇನ್ನೊಂದು ಚಿತ್ರ ಬರೆದು ಭಾನುವಾರದೊಳಗೆ ಕಳುಹಿಸು. ಬಾಣದ ಗುರುತಿಲ್ಲದ ಉತ್ತರವನ್ನು ನಾನು ನೋಡುವುದಿಲ್ಲ.

ಇತಿ,
ನಿನ್ನ ಮಾವ