ಟೇಬಲ್ ಮುಟ್ಟಬೇಡಿ ಅಂದವರಿಗೆ ಥ್ಯಾಂಕ್ಸ್

ನಿನ್ನೆ ರಾತ್ರಿ ವೆಬ್‌ಸೈಟಿನ ಸರ್ವರ್ ಬದಲಾಯಿಸಿ ಪೇಜ್ ತೆರೆದ್ರೆ ಕನ್ನಡ ಹೆಸರುಗಳೆಲ್ಲಾ ಮಾಯ, ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ 2, ಸಾಲುಸಾಲಾಗಿ ಅದೇ. ಕೈಕಾಲೇ ಆಡ್ಲಿಲ್ಲ, ಡೇಟಾಬೇಸಲ್ಲಿ ಹೆಸರುಗಳಿರೋ ಇಡೀ ಟೇಬಲನ್ನೇ ಬೇರೆ ಅಕ್ಷರ ಸಂಕೇತಕ್ಕೆ ಕನ್ವರ್ಟ್ ಮಾಡೋಕೆ ಹೊರಟಿದ್ದೆ. ಸಪೋರ್ಟ್ ಚಾಟಲ್ಲಿ ಸಿಕ್ಕವರು "ತಡೀರಿ, ಏನೂ ಮುಟ್ಟಬೇಡಿ, ಮೊದ್ಲು ಬ್ಯಾಕಪ್ ತಗೊಳ್ಳಿ" ಅಂದ್ರು. ಆಮೇಲೆ ಒಂದು ಹೆಸರಿನ ಮೇಲೆ ಹೆಕ್ಸ್ ಫಂಕ್ಷನ್ (ಒಳಗಿರೋ ಬೈಟುಗಳನ್ನ ಹಾಗೇ ತೋರಿಸೋದು) ಓಡಿಸಿದ್ರು, ಮೊದಲಿನ 'ಕ'ಗೆ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ಇರಬೇಕಾದಂಗೇ ಇ0 ಬಿ2 95 ಅಂತ ಸರಿಯಾಗಿ ಮೂರೇ ಬೈಟು ಬಂತು, "ನೋಡಿ, ನಿಮ್ಮ ಡೇಟಾಗೆ ಏನೂ ಆಗಿಲ್ಲ" ಅಂದಾಗ ಹೋದ ಜೀವ ಬಂದಂಗಾಯ್ತು. ತಪ್ಪಿದ್ದಿದ್ದು ಪೇಜ್ ಜೊತೆ ಸರ್ವರ್ ಕಳಿಸೋ ಹೆಡರಲ್ಲಿ, ಅದ್ರಲ್ಲಿ ಕನ್ನಡವೇ ಇಲ್ಲದ ಐಎಸ್ಒ-8859-1 ಸಂಕೇತ ಅಂತಿತ್ತು, ಪೇಜ್ ಒಳಗಿನ ಮೆಟಾ ಟ್ಯಾಗಲ್ಲಿ ಯುಟಿಎಫ್-8 ಬರೆದಿದ್ರೂ ಬ್ರೌಸರ್ ಹೆಡರ್ ಮಾತೇ ಕೇಳುತ್ತೆ. ಒಂದು ಸಾಲು ಬದಲಾಯಿಸಿದ್ವಿ, ಅಷ್ಟೇ. ಹೆಸರುಗಳೆಲ್ಲಾ ವಾಪಸ್ ಬರೋವರೆಗೂ ಅವರು ಚಾಟ್ ಮುಚ್ಚಲಿಲ್ಲ. ಆ ಖುಷೀಲಿ ಹೆಸರು ಕೇಳೋದೇ ಮರ್ತೆ, ತುಂಬಾ ಥ್ಯಾಂಕ್ಸ್ ನಿಮಗೆ.