ಉದ್ದನ್ನ ಹೊಳಿ ದಂಡಿಯಿಂದ ಅವ್ವಗ

ಅವ್ವಾ,

ಎಲ್ಲಾರೂ ಆರಾಮ ಅದೀರಿ ಅಂತ ಅಣ್ಣ ಮೊನ್ನೆ ಮೆಸೇಜ್ ಮಾಡಿದ್ದ. ನಾನೂ ಆರಾಮ ಅದೀನಿ. ಊಟದ ಚಿಂತಿ ಮಾಡಬ್ಯಾಡ, ಚೀನಾದ ಈ ಚೊಂಗ್‌ಚಿಂಗ್‌ನಾಗ ಖಾರ ನಮ್ಮಕಿಂತ ಒಂದು ಕೈ ಮ್ಯಾಲ, ರೊಟ್ಟಿ ಒಂದ ಇಲ್ಲ. ಫೋನ್‌ನಾಗ ಹೇಳಾಕ ಹ್ವಾದ್ರ ಅರ್ಧಾ ಮರಿತೀನಿ, ಅದಕ್ಕ ಟೈಪ್ ಮಾಡಾಕತ್ತೀನಿ, ಅಪ್ಪಗ ಓದಿ ಹೇಳು.

ಹೋದ ವಾರ ರಜಾ ಇತ್ತಂತ ಹಡಗಿನಾಗ ಹೊಳ್ಯಾಗ ತಿರಗಾಡಿ ಬಂದೆ. ಸಾಲ್ಯಾಗ ಯಾಂಗ್ತ್ಸೆ ಅಂತ ಕಲ್ತಿದ್ವಲ್ಲ, ಇಲ್ಲಿ ಮಂದಿ ಹಂಗ ಅನ್ನಂಗಿಲ್ಲ, ಚಾಂಗ್‌ಜಿಯಾಂಗ್ ಅಂತಾರ, ಅಂದ್ರ ಉದ್ದನ್ನ ಹೊಳಿ, ಅಷ್ಟ. 6,300 ಕಿಲೋಮೀಟರ್ ಇದ್ದಿದ್ದಕ್ಕ ಬ್ಯಾರೆ ಹೆಸರು ಯಾಕ ಬೇಕು ಹೇಳು.

ಖರೇ ಅಂದ್ರ ನಾ ಹೊಳಿ ನೋಡಾಕ ಹೋಗಿದ್ದಲ್ಲ, ಒಂದು ಪದ್ಯದ ಜಾಗಾ ನೋಡಾಕ ಹೋಗಿದ್ದೆ. ಆಫೀಸಿನಾಗ ಬಾಜೂ ಕೂಡೋ ಅಕ್ಕನ ಸಣ್ಣ ಮಗ ಅದನ್ನ ಒಂದ ಉಸುರಿಗೆ ಹೇಳಿದ್ದ, ಇಲ್ಲಿ ಹುಡುಗೂರಿಗೆಲ್ಲಾ ಅದು ಬಾಯಿಪಾಠ. ಬರದಾಂವ ಲೀ ಬಾಯ್, 701ರಾಗ ಹುಟ್ಟಿದಾಂವ, ದೊಡ್ಡ ಕುಡುಕ, ಅದಕಿಂತ ದೊಡ್ಡ ಕವಿ. ನಾಕ ಸಾಲು, ನನಗ ತಿಳದಂಗ ಬರೀತೀನಿ (ಬಾಯ್ದಿ ಅಂದ್ರ ಹೊಳಿ ದಂಡಿ ಗುಡ್ಡದ ಮ್ಯಾಲಿನ ಊರು, ಜಿಯಾಂಗ್ಲಿಂಗ್ ಹೊಳಿ ಹರಿಯೋ ಕಡೆ ಕೆಳಗಿನ ಊರು, ಲೀ ಅಂದ್ರ ಇಲ್ಲಿ ದೂರದ ಅಳತಿ): ಮುಂಜಾನೆ ಬಣ್ಣದ ಮೋಡದಾಗಿನ ಬಾಯ್ದಿ ಬಿಟ್ಟೆ, ಸಾವಿರ ಲೀ ದೂರದ ಜಿಯಾಂಗ್ಲಿಂಗಿಗೆ ಒಂದ ದಿನದಾಗ ಬಂದೆ, ಎರಡೂ ದಂಡಿ ಮಂಗ್ಯಾನ ಕೂಗು ನಿಲ್ಲೂದರಾಗ, ಹಗೂರ ದೋಣಿ ಹತ್ತು ಸಾವಿರ ಗುಡ್ಡ ದಾಟಿತ್ತು.

ಇದ್ರಾಗ ಏನೈತಿ ಅಂತ ನನಗೂ ಮೊದ್ಲ ಅನಸಿತ್ತು. ಆಮ್ಯಾಲ ಕತಿ ಗೊತ್ತಾತು. ದಂಗೆ ನಡದ ಕಾಲದಾಗ ಇಂವ ಒಬ್ಬ ರಾಜಕುಮಾರನ ಕಡೆ ಸೇರಿದ, ಆ ರಾಜಕುಮಾರ ಸೋತ, ಇಂವಗ ಜೈಲಾತು, ಆಮ್ಯಾಲ ಯೆಲಾಂಗ್ ಅನ್ನೋ ದೂರದ ನಾಡಿಗೆ ಗಡಿಪಾರು. ಹೊಳಿ ಎದುರು ಹೋಗಬೇಕು, ಆಗ ಹಂಗ ಹೋಗೂದಂದ್ರ ಮಂದಿ ದಂಡಿ ಮ್ಯಾಲ ಹಗ್ಗ ಹೆಗಲಿಗೆ ಹಾಕ್ಕೊಂಡು ದೋಣಿ ಜಗ್ಗಬೇಕು. ಹಳದಿ ಎತ್ತಿನ ಗುಡ್ಡ ಅಂತ ಒಂದೈತಿ, ಮೂರು ಮುಂಜಾನಿ ಮೂರು ಸಂಜಿ ಹೊಂಟ್ರೂ ಅದನ್ನ ದಾಟಾಕ ಆಗವಲ್ದು, ಅಷ್ಟರಾಗ ನನ್ನ ಕೂದಲ ಬೆಳ್ಳಗಾದ್ವು ಅಂತ ಆಗ ಇನ್ನೊಂದು ಪದ್ಯ ಬರದಾನ. 759ರಾಗ ಬಾಯ್ದಿ ಮುಟ್ಟಿದಾಗ ಮಾಫಿ ಆತು ಅಂತ ಸುದ್ದಿ ಬಂತು, ದೋಣಿ ಹೊಳ್ಳಿಸಿದ. ಅದ ವರ್ಷ, ಅದ ಹೊಳಿ, ಅವ ಗುಡ್ಡ! ಆದ್ರ ಬಿಡುಗಡೆ ಆತು, ಖುಷಿ ಆತು ಅಂತ ಆ ನಾಕ ಸಾಲಿನಾಗ ಒಂದು ಮಾತಿಲ್ಲ ನೋಡವ್ವಾ, ದೋಣಿ ಹಗೂರ ಇತ್ತು ಅಂತಾನ, ಮುಗೀತು. ನಾ ಡೆಕ್ ಮ್ಯಾಲ ನಿಂತು ಅದೊಂದ ಶಬ್ದ ಎಷ್ಟು ಸಲ ಅಂದ್ಕೊಂಡೆನೋ.

ಒಂದ ದಿನದಾಗ ಹೋಗೂದು ಬರೇ ಕವಿ ಮಾತೂ ಅಲ್ಲ. ಅವನಕಿಂತ 200 ವರ್ಷ ಮದ್ಲ ಲೀ ದಾವ್‌ಯುವಾನ್ ಹೊಳಿಗಳ ಮ್ಯಾಲ ಬರದ ಪುಸ್ತಕದಾಗೂ ಮುಂಜಾನೆ ಬಾಯ್ದಿ ಬಿಟ್ರ ಸಂಜಿಗೆ ಜಿಯಾಂಗ್ಲಿಂಗ್ ಅಂತ ಐತಿ, ಅಷ್ಟು ಸೆಳವು.

ಈಗ ಸೆಳವ ಇಲ್ಲ. ತ್ರೀ ಗಾರ್ಜಸ್ ಡ್ಯಾಮಿಗೆ 2003ರಿಂದ ನೀರು ತುಂಬಸಾಕ ಹತ್ತಿ 2010ಕ್ಕ 175 ಮೀಟರ್ ಮಟ್ಟ ಮುಟ್ಟಿಸಿದ್ರು, ದಂಡಿ ಮ್ಯಾಲಿದ್ದ ಬಾಯ್ದಿ ಗುಡ್ಡ ಈಗ ನಡುಗಡ್ಡಿ, ಸೇತುವಿ ಮ್ಯಾಲ ಹಾದು ಹೋಗಬೇಕು. ನೀರು ಹಸರಗ, ಕೆರಿ ನಿಂತಂಗ ನಿಂತೈತಿ. ಮಂಗ್ಯಾನ ಕೂಗು ಒಂದೂ ಕೇಳಲಿಲ್ಲ, ಹಡಗಿನ ಸ್ಪೀಕರ್ ಹಾಡು ಅಷ್ಟ. ಡ್ಯಾಮಿನ ಕಡೆ ಐದು ಮೆಟ್ಟಲದ ಲಾಕ್ ಅದಾವ, ಅಂದ್ರ ನೀರು ಏರಿಸಿ ಇಳಿಸಿ ಹಡಗ ದಾಟಿಸೋ ಗೇಟಿನ ಕೋಣಿ, ಹಡಗ ಒಂದೊಂದ ಮೆಟ್ಟಲ ಇಳೀಬೇಕು, ಅದಕ್ಕ ಮೂರು ತಾಸಿನ ಮ್ಯಾಲ ಹೋತು. ಲೀ ಬಾಯ್ ನಕ್ಕಿರ್ತಾನ.

ಬಾಯ್ದಿ ಬಾಜೂಕ ಫೆಂಗ್‌ಜಿಯೆ ಊರಿತ್ತು, 2002ರಾಗ ಹಳೇ ಊರು ಕೆಡವಿ ಮಂದೀನ ಮ್ಯಾಲ ಹೊಸ ಊರಿಗೆ ಒಯ್ದ್ರು. ಗೈಡ್ ಅದನ್ನ ಹೇಳೂಮುಂದ ನೀ ನೆನಪಾದಿ. ಬಸ್ಸಿನಾಗ ಹೋಗೂಮುಂದ ಆಲಮಟ್ಟಿ ಹಿನ್ನೀರಿನ ಕಡೆ ಬಟ್ಟು ಮಾಡಿ ಅಲ್ಲೇ ನಮ್ಮ ಪಡಸಾಲಿ, ಅಲ್ಲೇ ತುಳಸಿಕಟ್ಟಿ ಅಂತಿದ್ದಿ, ನಮಗ ಬರೇ ನೀರು ಕಾಣತಿತ್ತು, ಹೂಂ ಅಂತಿದ್ವಿ.

ಬಾಯ್ದಿ ಮ್ಯಾಲಿಂದ ಎರಡು ಬಂಡಿಗಲ್ಲಿನ ಗುಡ್ಡದ ನಡುವ ಹೊಳಿ ಒಳಗ ಹೋಗೂದು ಕಾಣತೈತಿ, ಕುಯ್‌ಮೆನ್ ಅಂತಾರ, ಕುಯ್ ಬಾಗಲ. ಹತ್ತು ಯುವಾನ್ ನೋಟಿನ ಹಿಂದ ಅದರದ ಚಿತ್ರ ಐತಿ. ದೀಪಾವಳಿಗೆ ಬರೂಮುಂದ ಒಂದು ಹೊಸಾ ನೋಟು ತರತೀನಿ, ಅಪ್ಪಗ ತೋರಸಾಕ. ಮತ್ತ ಹಳೇ ಮನಿ ಬಾಗಲದ ಚೌಕಟ್ಟು ಮಾಳಗಿ ಮ್ಯಾಲ ತಗಡಿನ ಕೆಳಗ ಇಟ್ಟೀವಲ್ಲ, ಈ ಸಲ ಮಳಿ ಭಾಳ ಅಂತೀರಿ, ಗೆದ್ಲ ಹತ್ತೈತೇನು ನೋಡಂತ ಅಣ್ಣಗ ಹೇಳು.

ನಿನ್ನ ಮಗಳು