ನಮ್ಮ ಹಳೇ ಓಮ್ನಿಗಳಿಗೆ ಇನ್ಮೇಲೆ ಮಾಮೂಲಿ ಪೆಟ್ರೋಲೇ ಸಾಕು

ನಮಸ್ಕಾರ,

ನಮ್ಮತ್ರ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಹೋಗೋ ಎಲ್ರಿಗೂ ಒಂದು ವಿಷ್ಯ. ಇಲ್ಲಿವರ್ಗೂ ಕೀ ಕೊಡೋವಾಗ್ಲೇ "ಪ್ರೀಮಿಯಂ ಪೆಟ್ರೋಲೇ ಹಾಕ್ಸಿ, ಬಿಲ್ ತೋರ್ಸಿ, ಇಲ್ಲಾಂದ್ರೆ ಡೆಪಾಸಿಟಲ್ಲಿ 500 ಹಿಡ್ಕೋತೀವಿ" ಅಂತಿದ್ವಲ್ಲ, ಆ ರೂಲ್ಸ್ ಈ ತಿಂಗಳಿಂದ ಇಲ್ಲ. ತಪ್ಪು ನಮ್ದೇ.

ಆಗಿದ್ದೇನಂದ್ರೆ, ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತೋವಾಗ ವ್ಯಾನ್ ಕಟಕಟ ಅಂತಿದೆ, ಡಬ್ಬದೊಳಗೆ ಗೋಲಿ ಹಾಕಿ ಅಲ್ಲಾಡಿಸ್ದಂಗೆ, ಅಂತ ಸುಮಾರು ಜನ ಫೋನ್ ಮಾಡ್ತಿದ್ರು. ಅದು ನಾಕಿಂಗ್. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡ್ಕೊಂಡು ಹೋಗ್ಬೇಕು, ಅದು ತಲುಪೋಕೆ ಮೊದ್ಲೇ ಮೂಲೇಲಿರೋ ಪೆಟ್ರೋಲ್ ಬಿಸಿಗೂ ಪ್ರೆಷರ್‌ಗೂ ತಾನಾಗೇ ಸಿಡಿದ್ರೆ ಈ ಸದ್ದು. ಪೆಟ್ರೋಲ್ ಹಾಗೆ ಸಿಡಿಯದೆ ಎಷ್ಟು ತಡ್ಕೊಳತ್ತೆ ಅನ್ನೋ ನಂಬರ್ರೇ ಆಕ್ಟೇನ್, ಅದು ಜಾಸ್ತಿ ಇದ್ರೆ ಸಿಡಿಯೋದು ಕಮ್ಮಿ, ಅಷ್ಟೇ, ಪಿಕಪ್ ಏನೂ ಅದ್ರಿಂದ ಬರಲ್ಲ. ನಾವೋ ಎಂಜಿನ್ ಬಿಚ್ಚಿ ನೋಡೋದು ಬಿಟ್ಟು ಕಾಸ್ಟ್ಲಿ ಪೆಟ್ರೋಲ್ ಹಾಕ್ಸಿ ಅಂತ ನಿಮ್ಮ ತಲೆಗೆ ಕಟ್ಟಿದ್ವಿ.

ಈ ಸಲ ಮಳೆಗಾಲ ಮುಗಿದ್ಮೇಲೆ ಎಂಜಿನ್ ಮೇಲಿನ ಮುಚ್ಚಳ, ಅಂದ್ರೆ ಹೆಡ್, ಇಳಿಸಿದ್ರೆ ಒಳಗೆ ಒಲೆ ಮಸಿ ತರ ಕಾರ್ಬನ್ ಕೂತಿತ್ತು, ಆ ಕಾರ್ಬನ್ನೇ ಬಿಸಿ ಹಿಡ್ಕೊಂಡು, ಒಳಗಿನ ಜಾಗ ಕಮ್ಮಿ ಮಾಡಿ ಪ್ರೆಷರ್ ಏರಿಸಿ ನಾಕಿಂಗ್ ಮಾಡ್ಸತ್ತೆ. ಅದ್ರ ಜೊತೆ ಹಿಂದೆ ಯಾರೋ ಪಿಕಪ್ ಬರ್ಲಿ ಅಂತ ಪ್ಲಗ್ ಕಿಡಿ ಕೊಡೋ ಟೈಮಿಂಗ್‌ನ ಇರಬೇಕಾದ್ದಕ್ಕಿಂತ ಬೇಗ ಮಾಡಿಟ್ಟಿದ್ರು. ಕಾರ್ಬನ್ ಕೆರೆಸಿ, ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಸರಿ ಮಾಡ್ಸಿ, ಮಾಮೂಲಿ ಪೆಟ್ರೋಲ್ ಹಾಕಿ, ನಾಲ್ಕು ಜನ, ಹಾಸಿಗೆ, ಗ್ಯಾಸ್ ಒಲೆ ಸಮೇತ ಅದೇ ಘಾಟಿ ಹತ್ಸಿದ್ವಿ, ಸದ್ದೇ ಇಲ್ಲ.

ಇನ್ನೊಂದು, ನಮ್ಮ ಮಾಮೂಲಿ ಪೆಟ್ರೋಲ್ ಆಕ್ಟೇನ್ ಮುಂಚೆ 88 ಇತ್ತು, ಆಮೇಲೆ 91 ಆಯ್ತು, ಈಗ 20 ಪರ್ಸೆಂಟ್ ಎಥನಾಲ್ ಸೇರ್ಸಿದ್ಮೇಲೆ 95 ಅಂತ ಸರ್ಕಾರವೇ ಹೇಳಿದೆ. ಹಂಗಿದ್ಮೇಲೆ 95 ಅಂತ ಬರೆದಿರೋ ಪ್ರೀಮಿಯಂ ಪಂಪಿಗೆ ಜಾಸ್ತಿ ಕೊಟ್ಟು ಏನು ಸಿಗತ್ತೆ? ಯೂಟ್ಯೂಬ್ ನೋಡಿ "ಅಮೆರಿಕದಲ್ಲಿ 87 ಹಾಕ್ತಾರಲ್ಲ" ಅಂತ ಕೇಳಿದವ್ರಿದಾರೆ, ಅವ್ರು ಆಕ್ಟೇನ್ ಅಳೆಯೋ ಲೆಕ್ಕ ಬೇರೆ ಸ್ವಾಮಿ, ಅವ್ರ 87 ನಮ್ಮ 91ರ ಹತ್ರ ಬರತ್ತೆ.

ಎಥನಾಲ್‌ನಿಂದ ಹಳೇ ಗಾಡಿಗೆ ತಲೆನೋವೂ ಇದೆ, ಸುಳ್ಳು ಹೇಳಲ್ಲ. ಹಳೇ ರಬ್ಬರ್ ಪೈಪ್ ತಿನ್ನತ್ತೆ, ನೀರು ಹೀರತ್ತೆ, ಮೈಲೇಜ್ ಸ್ವಲ್ಪ ಕಮ್ಮಿ. ಪೈಪೆಲ್ಲ ಹೊಸದು ಹಾಕ್ಸಿದೀವಿ, ಕಾರ್ಬೊರೇಟರಲ್ಲಿ ಪೆಟ್ರೋಲ್ ಬಿಡೋ ತೂತು, ಜೆಟ್ಟೂ ಒಂದು ಸೈಜ್ ದೊಡ್ಡದು ಮಾಡ್ಸಿದೀವಿ. ನೀವು ಟ್ಯಾಂಕ್ ಮುಚ್ಚಳ ಮಾತ್ರ ಟೈಟಾಗಿ ಹಾಕಿ, ನಮ್ಮೂರ ಮಳೆ ಗೊತ್ತಲ್ಲ.

ಬಿಳಿ ವ್ಯಾನ್ ಬುಕ್ ಮಾಡಿರೋರು ಇಲ್ಲಿ ನೋಡಿ. ಅದು ಒಂದ್ಸಲ ಹೀಟಾಗಿ ಹೆಡ್ ಪ್ಲೇನ್ ಹೊಡೆಸಿದ್ವಿ, ಅಂದ್ರೆ ಕೆಳಭಾಗ ಸಮ ಆಗೋ ಹಾಗೆ ಉಜ್ಜಿಸಿದ್ವಿ, ಅದ್ರಿಂದ ಕಂಪ್ರೆಷನ್ (ಒಳಗಿನ ಒತ್ತಡ) ಏರಿ ಈಗ್ಲೂ ಏರಲ್ಲಿ ಕಟಕಟ ಅನ್ನತ್ತೆ. 97 ಇಲ್ಲಾ 100 ಆಕ್ಟೇನ್ ಪೆಟ್ರೋಲ್ ಹಾಕಿದ್ರೆ ಸುಮ್ನಿರತ್ತೆ, ಆದ್ರೆ ಅದು ಸಿಕ್ಕಸಿಕ್ಕ ಬಂಕಲ್ಲಿ ಸಿಗಲ್ಲ, ಹಾಗಾಗಿ ಬೇರೆ ಹೆಡ್ ಸಿಗೋವರ್ಗೂ ಅದನ್ನ ಬಾಡಿಗೆಗೆ ಕೊಡಲ್ಲ. ನಿಮ್ಗೆ ನೀಲಿದು ಕೊಡ್ತೀವಿ, ಬೇಡಾಂದ್ರೆ ಅಡ್ವಾನ್ಸ್ ಪೂರ್ತಿ ವಾಪಸ್.

ಓಡಿಸೋವಾಗ ಒಂದೇ ಮಾತು, ಏರಲ್ಲಿ ಟಾಪ್ ಗೇರಲ್ಲೇ ಆಕ್ಸಿಲೇಟರ್ ಒತ್ತಿ ಎಳೀಬೇಡಿ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹೋಗೋವಾಗ ಸೆಕೆಂಡಿಗೆ ಇಳಿಸಿ, ನಾಚಿಕೆ ಬೇಡ. ನಿಜ ಹೇಳ್ಬೇಕಂದ್ರೆ ಮೇಲೆ ಗಾಳಿ ತೆಳು, ತಂಪು ಬೇರೆ, ಅಲ್ಲಿ ನಾಕಿಂಗ್ ಕಮ್ಮೀನೇ, ಕಾಟ ಇರೋದು ಚಾರ್ಮಾಡಿ ಬುಡದ ಸೆಖೆಯಲ್ಲಿ. ಗೇರ್ ಇಳಿಸಿದ್ಮೇಲೂ ಸದ್ದು ಬಂದ್ರೆ ಪಕ್ಕಕ್ಕೆ ನಿಲ್ಸಿ ಫೋನ್ ಮಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ನಿಂತಲ್ಲೇ ಟಿಕ್‌ಟಿಕ್ ಅನ್ನೋದು ಎಂಜಿನ್ ವಾಲ್ವ್ ತಳ್ಳೋ ಟ್ಯಾಪೆಟ್ ಸದ್ದು, ಅದಕ್ಕೆ ಹೆದರಬೇಡಿ.

ಹಿಂದೆ ಯಾರ್ಯಾರ ಹತ್ರ ಆ 500 ಹಿಡ್ಕೊಂಡಿದ್ವೋ ಅವ್ರ ಲಿಸ್ಟ್ ನಮ್ಮ ಪುಸ್ತಕದಲ್ಲಿದೆ, ಈ ವಾರದೊಳಗೆ ವಾಪಸ್ ಹಾಕ್ತೀವಿ. ಬರ್ದೇ ಇದ್ರೆ ಬಂದು ಬೈಯಿರಿ, ಕಾಫಿ ಕೊಟ್ಟೇ ಕಳಿಸ್ತೀವಿ.

ಇಂತಿ,
ಚಿಕ್ಕಮಗಳೂರಿಂದ ನಿಮ್ಮ ವ್ಯಾನ್ ಹುಡುಗ್ರು